ಎಜ್ರಾ ತಾತ ಮತ್ತು ನಡುಗೋಡೆ

ತಾತನ ಫೋಟೊ ಒಂದು ದಿನವಾದರೂ ಗೋಡೆಯ ಮೇಲಿರಲಿ ಅನ್ನುವುದು ಬಸ್ ಡ್ರೈವರ್ ಕ್ಲೈಡ್ ಬಾಸ್ಕಮ್‌ನ ಆಸೆ. ಅದೇ ಅವನಿಗೆ ಮುಳುವಾಯಿತು.

ಇಂಗ್ಲೆಂಡಿನ ಲ್ಯಾಂಕಾಶೈರಿನ ಒಂದು ಊರಿನ ಚರ್ಚ್ ಹಾಲಿನಲ್ಲಿ, ನವೆಂಬರ್ ಬಂತೆಂದರೆ ಮೊದಲನೇ ಮಹಾಯುದ್ಧದ ಸೈನಿಕರ ಹಳೇ ಫೋಟೊಗಳ ಪ್ರದರ್ಶನ. ಸಮಿತಿಯ ಆರ್ಮರಾಡ್ ಸಾಹೇಬರು ಭೂತಗನ್ನಡಿ ಹಿಡಿದು, ಮಗುವಿನ ತಲೆಯಲ್ಲಿ ಹೇನು ಹುಡುಕುವಂತೆ ಕ್ಲೈಡ್ ತಂದ ಫೋಟೊವನ್ನು ಜಾಲಾಡಿದರು. ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು, ಬಾರ್ಬಡೋಸಿನ ಕಪ್ಪು ಯುವಕ ಎಜ್ರಾ ಬ್ರಾತ್‌ವೇಟ್, ಕ್ಲೈಡ್‌ನ ತಾಯಿಯ ಅಪ್ಪ, ಎದೆಯುಬ್ಬಿಸಿ ನಿಂತಿದ್ದ.

“ಇದು ಸೈನ್ಯದ ಬಂದೂಕಲ್ಲ ಕಣಯ್ಯಾ. ಸ್ಟುಡಿಯೋದವನು ಫೋಟೊಗೆ ಅಂತ ಕೊಟ್ಟಿದ್ದು. ನಿಮ್ಮೋರಿಗೆ ಬಂದೂಕು ಎಲ್ಲಿತ್ತು? ಮದ್ದುಗುಂಡು ಹೊರೋ ಕೆಲಸ ತಾನೇ?”

“ಗುಂಡು ಬೀಳೋ ಜಾಗದಲ್ಲೇ ಹೊತ್ತಿದ್ದು ಸಾಹೇಬ್ರೇ. ಬಂದೂಕು ಕೊಡದೇ ಇದ್ದೋರು ನೀವು. ತಪ್ಪು ನಮ್ ತಾತಂದಾ?”

“ಕೋಟಿನ ಗುಂಡೀನೂ ಒಂದು ಕಮ್ಮಿ ಇದೆ ಮರೀ,” ಚಹಾ ಸುರಿಯುತ್ತಿದ್ದ ಮಿಸೆಸ್ ಹಾರ್ಗ್ರೀವ್ಸ್ ಅಲ್ಲಿಂದಲೇ ಕೂಗಿದಳು.

ಕ್ಲೈಡ್ ಎಲ್ಲರ ಕಣ್ಣಿಗೆ ಮೊದಲು ಬೀಳುವ ನಡುಗೋಡೆ ನೋಡಿದ. ಅಲ್ಲೊಂದು ನಾಯಿ. ಪಲ್ಟನ್ನಿನ ನಾಯಿ. ಹೆಸರು, ಪದವಿ, ಸತ್ತ ತಾರೀಖು ಸಮೇತ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ವಿರಾಜಮಾನವಾಗಿತ್ತು.

“ಆ ನಾಯಿ ಯಾವ ಬಂದೂಕು ಹಿಡಿದಿತ್ತು?”

ಆರ್ಮರಾಡರ ಮೀಸೆ ಬೂಟಿನ ಬ್ರಷ್ಷಿನಂತೆ ಸೆಟೆಯಿತು. “ಜಿಮ್ಮಿ ಸುದ್ದಿಗೆ ಬರಬೇಡ!”

ಕ್ಲೈಡ್ ಹೋಗಿ ಬಾಗಿಲಿಗೆ ಅಡ್ಡವಾಗಿ, ಕೆಟ್ಟು ನಿಂತ ಬಸ್ಸಿನಂತೆ ಕೂತುಬಿಟ್ಟ. ಹೊರಗೆ ಜಿನುಗು ಮಳೆಯಲ್ಲಿ ಸಾಲು ಬೆಳೆಯಿತು. ಒಬ್ಬಳು ಮುದುಕಿ ಕೊಡೆಯಿಂದ ಅವನ ಬೆನ್ನು ತಿವಿದಳು.

“ಏಳು ಮರೀ, ಕೇಕ್ ಒಳಗೆ ಬರ್ಬೇಕು,” ಎಂದಳು ಹಾರ್ಗ್ರೀವ್ಸ್.

“ಮೊದಲು ತಾತ. ಆಮೇಲೆ ಕೇಕು.”

ಇವನನ್ನು ಓಡಿಸಲು ಇನ್ನೊಂದು ಕುಂದು ಸಿಕ್ಕೀತೆಂದು ಆರ್ಮರಾಡ್ ಮತ್ತೆ ಫೋಟೊಗೆ ಭೂತಗನ್ನಡಿ ಹಿಡಿದರು. ಹಿಡಿದವರು ಉಸಿರಾಡುವುದನ್ನೇ ಮರೆತರು.

“ಹಾರ್ಗ್ರೀವ್ಸ್! ಜಿಮ್ಮೀನ ಕೆಳಗಿಳಿಸು! ಇದನ್ನ ಆಳೆತ್ತರ ಮಾಡಿಸಿ ನಡುಗೋಡೆಗೇ ಹಾಕ್ಬೇಕು!”

ಕ್ಲೈಡ್ ಮನೆಗೆ ಓಡಿದ. ಮರುದಿನ ಮಧ್ಯಾಹ್ನ, ಚರ್ಚಿಗೆಂದೇ ಇಟ್ಟ ಭಾನುವಾರದ ಟೋಪಿ ತೊಟ್ಟ ಮುದಿ ತಾಯಿಯ ಕೈ ಹಿಡಿದು ಕರೆತಂದ. “ನಿಮ್ಮಪ್ಪ ಗೆದ್ದ ಕಣಮ್ಮಾ,” ಎಂದು ದಾರಿಯುದ್ದಕ್ಕೂ ಹೇಳಿದ.

ನಡುಗೋಡೆಯ ಮುಂದೆ ಜನಜಾತ್ರೆ. ಅಲ್ಲಿ ಆಳೆತ್ತರದ ಬಂದೂಕು. ನಳಿಗೆಯಿಂದ ಹಿಡಿಯವರೆಗೆ ಬರೀ ಬಂದೂಕು. ನಡುವೆ ನಾಲ್ಕು ಕಪ್ಪು ಬೆರಳು. ಕೆಳಗೆ ಬಂದೂಕಿನ ಹೆಸರು, ಅದು ಹುಟ್ಟಿದ ಕಾರ್ಖಾನೆ, ಹುಟ್ಟಿದ ವರ್ಷ.

“ಅಪ್ಪ ಎಲ್ಲೋ ಮಗಾ?” ತಾಯಿ ಕೇಳಿದಳು.

ಆರ್ಮರಾಡ್ ಓಡಿ ಬಂದು ಕ್ಲೈಡ್‌ನ ಕೈ ಕುಲುಕಿದರು. “ಎಂಥ ಅಪರೂಪದ ಬಂದೂಕು ಮಾರಾಯಾ! ಮುಖ ಇಟ್ಟಿದ್ರೆ ಇದು ಚಿಕ್ಕದಾಗ್ತಿತ್ತು.” ಆಮೇಲೆ ತಾಯಿಯತ್ತ ಬಾಗಿ, ನಿಜವಾಗಿಯೂ ನೊಂದುಕೊಂಡು ಹೇಳಿದರು:

“ಆ ಬೆರಳು ಮಾತ್ರ ಕ್ಷಮಿಸ್ಬೇಕಮ್ಮಾ. ಎಷ್ಟು ಅಳಿಸಿದ್ರೂ ಹೋಗ್ಲಿಲ್ಲ.”