ಬೆಲ್ಲದ ಗಾರೆ

ಎಲ್ಲ ಫಜೀತಿಗೂ ಮೂಲ ಬೆಲ್ಲ. ಅದೂ ತಿನ್ನುವ ಬೆಲ್ಲವಲ್ಲ, ಗೋಡೆಗೆ ಹಾಕುವ ಬೆಲ್ಲ. ಬೆಲ್ಲ, ಅಳಲೆಕಾಯಿ ನೆನೆಸಿ ಹುಳಿ ಬರಿಸಿದ ನೀರನ್ನು ಸುಣ್ಣದ ಗಾರೆಗೆ ಕಲಸಿದರೆ ಗೋಡೆ ನಾನೂರು ವರ್ಷ ನಿಲ್ಲುತ್ತದೆ ಎಂದು ಬಸವಂತಪ್ಪ ನಂಬಿದ್ದ.

ಗೋವೆಗೆ ರಾಜ್ಯದ ಪಟ್ಟ ಸಿಕ್ಕ ಮರುವರ್ಷ ಅದು. ಪಣಜಿಯ ಕಚೇರಿಯೊಂದರಲ್ಲಿ ಸಿಮೆಂಟಿನ ಮನೆಗಳ ನಕ್ಷೆ ಬರೆದು ಬರೆದು ಬೇಸತ್ತ ಈ ಧಾರವಾಡದ ವಾಸ್ತುಶಿಲ್ಪಿ, ಇನ್ನು ಕಟ್ಟಿದರೆ ಗೋವೆಯ ಕೆಂಪು ಕಲ್ಲು, ಸುಣ್ಣ, ಹೆಂಚಿನ ತಂಪು ಮನೆಗಳನ್ನೇ ಎಂದು ಕೆಲಸ ಬಿಟ್ಟಿದ್ದ. ಗಿರಾಕಿಗಳಿಗೆ ಬೇಕಿದ್ದದ್ದು ಸ್ಲ್ಯಾಬು. ಕೊನೆಗೆ ಗಂಟುಬಿದ್ದವರು ವಾಸ್ಕೋದ ಕಿರಾಣಿ ವ್ಯಾಪಾರಿ ಚನ್ನಬಸಯ್ಯ ಒಬ್ಬರೇ. ಈ ಮನೆ ಎದ್ದರೆ ಬಸವಂತಪ್ಪನ ಹೆಸರು ಎದ್ದಂತೆ, ಬಿದ್ದರೆ ಮತ್ತೆ ಸಿಮೆಂಟೇ ಗತಿ.

ಅಂದು ಬೆಳಿಗ್ಗೆ ಮನೆ ಕಟ್ಟುವ ಜಾಗದಲ್ಲಿ ಬೆಲ್ಲದ ನೀರಿನ ಪೀಪಾಯಿಗಳ ಮುಚ್ಚಳ ತೆಗೆದದ್ದೇ ತಡ, ವಾಸನೆ ಓಣಿಯೆಲ್ಲ ಹಬ್ಬಿತು. ಪಕ್ಕದ ಮನೆಯ ಗೌರಿಬಾಯಿ ಸೆರಗಿನಡಿ ಬಾಟಲಿ ಹಿಡಿದು ಬಂದು, ಗಂಡನ ಮೊಳಕಾಲು ನೋವಿಗೆ ಒಂದಿಷ್ಟು ಬೇಕೆಂದಳು; ಅವಳ ಹಿಂದೆ ಬಾಟಲಿ ಹಿಡಿದ ಇನ್ನೂ ನಾಲ್ಕಾರು ಮಂದಿ. ಬಸವಂತಪ್ಪ ಕಕ್ಕಾಬಿಕ್ಕಿಯಾದ. ಮೊಳಕಾಲಿಗೆ ಗಾರೆಯೇ? ಅಷ್ಟರಲ್ಲಿ ಲಾರಿ ಇಸ್ಮಾಯಿಲ ಬಂದು, ತನಗೇನೂ ಬೇಡ, ಮಾಲು ಸಾಗಿಸುವುದಿದ್ದರೆ ಮಾತ್ರ ಹೇಳಬೇಕೆಂದು ಕಿವಿಯಲ್ಲಿ ಉಸುರಿ ಹೋದ. ಗೋಡೆ ಕಟ್ಟುವವನಿಗೆ ಇಷ್ಟೊಂದು ಮರ್ಯಾದೆ ಸಿಕ್ಕಿದ್ದನ್ನು ಬಸವಂತಪ್ಪ ಎಲ್ಲಿಯೂ ಕಂಡಿರಲಿಲ್ಲ.

ಮಧ್ಯಾಹ್ನ ಅಬಕಾರಿ ಜೀಪು ಬಂತು. ಮೂಲೆಗೊಂದು ಬಾರಿರುವ ಊರಿನಲ್ಲಿ ಕಳ್ಳಭಟ್ಟಿ ಇಡಲು ನಾಚಿಕೆಯಾಗುವುದಿಲ್ಲವೇ ಎಂದು ಇನ್ಸ್‌ಪೆಕ್ಟರರು ಕೇಳಿದರು. ಬಸವಂತಪ್ಪ ತಬ್ಬಿಬ್ಬಾಗಿ ಕೋಟೆಗಳಿಂದ ಹಿಡಿದು ಚರ್ಚುಗಳವರೆಗೆ ಗಾರೆಯ ಇತಿಹಾಸ ಬಿಚ್ಚಿದ. ಅವರು ಪೀಪಾಯಿಗೆ ಬೆರಳದ್ದಿ ನೆಕ್ಕಿ, ಇತಿಹಾಸ ಚೆನ್ನಾಗಿ ಹುಳಿ ಬಂದಿದೆ ಎಂದರು. ತಾನು ಹನಿ ಮುಟ್ಟದ ಮನುಷ್ಯನೆಂದು ಮೇಸ್ತ್ರಿ ಲಾಡಸಾಬ ಆಣೆ ಹಾಕಿದರೂ ಕೇಳಲಿಲ್ಲ.

ಗದ್ದಲಕ್ಕೆ ಅಂಗಡಿ ಬಿಟ್ಟು ಚನ್ನಬಸಯ್ಯನವರೂ ಬಂದರು. ಹಣೆತುಂಬ ವಿಭೂತಿ; ಹೆಂಡದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನುಷ್ಯ. ಬಸವಂತಪ್ಪ ಪೀಪಾಯಿಗಳಿಗೆ ಅಡ್ಡ ನಿಂತ.

ಇದು ಗೋಡೆಗೇ ಆದರೆ ಕಣ್ಣೆದುರಿಗೇ ಅಷ್ಟನ್ನೂ ಗೋಡೆಗೆ ಹಾಕಿ ತೋರಿಸಬೇಕೆಂದು ಇನ್ಸ್‌ಪೆಕ್ಟರರು ಕುರ್ಚಿ ಹಾಕಿಸಿಕೊಂಡು ಕುಳಿತರು. ಲಾಡಸಾಬನ ಆಳುಗಳು ಸುಣ್ಣಕ್ಕೆ ಪೀಪಾಯಿಯ ನೀರು ಸುರಿದು ಕಲಸಿದರು, ಕಲ್ಲಿನ ಮೇಲೆ ಕಲ್ಲು ಏರಿತು. ಬಾಟಲಿ ತಂದವರೆಲ್ಲ ನಿಟ್ಟುಸಿರು ಬಿಡುತ್ತ ನೋಡಿದರು. ಸಂಜೆಗೆ ಪೀಪಾಯಿಗಳು ಬರಿದಾದವು, ಗೋಡೆ ಎದೆಮಟ್ಟ ನಿಂತಿತು. ಇನ್ಸ್‌ಪೆಕ್ಟರರು ಕೈಕುಲುಕಿ, ತಪ್ಪಾಯಿತೆಂದು ಹೇಳಿ ಹೊರಟರು. ಬಸವಂತಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು.

ಚನ್ನಬಸಯ್ಯನವರು ಮಾತ್ರ ಗೋಡೆಯ ಹತ್ತಿರ ಹೋಗಿ ಮೂಸಿ ನೋಡಿದರು.

"ಇದು ಯಾವ ಕೋಣಿ ಗ್ವಾಡಿರಿ?"

"ದೇವರ ಕೋಣಿದ್ರಿ, ಯಜಮಾನ್ರ. ಶುಭ ಅಂತ ಅಲ್ಲಿಂದನ ಸುರು ಮಾಡೇವಿ," ಎಂದ ಬಸವಂತಪ್ಪ.

ಚನ್ನಬಸಯ್ಯನವರು ಬಾಯಿ ಮುಕ್ಕಳಿಸಿ ಬಂದರು. "ಅವರು ನಿಮ್ಮನ್ನ ಹಿಡಕೊಂಡ ಹೋಗಿದ್ರ ನಾನ ಬಿಡಿಸ್ಕೊಂಡ ಬರ್ತಿದ್ನಿರಿ. ನೀವು ಕುಡದಿದ್ರೂ ಹೊಟ್ಟ್ಯಾಗ ಹಾಕ್ಕೋತಿದ್ನಿ. ಆದ್ರ ನೀವು ಖರೇನ ಒಂದ ಹನಿನೂ ಕುಡೀಲಿಲ್ಲ, ಎಲ್ಲಾ ನನ್ನ ದೇವರಿಗೆ ಕುಡಿಸಿದ್ರಿ."

ಚನ್ನಬಸಯ್ಯನವರು ಬಸವಂತಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಮನಸಿಗೆ ಹಚ್ಕೋಬ್ಯಾಡ್ರಿ, ಬ್ಯಾರೆಯವರ ಕಡೆ ನಾ ಹೋಗೂದಿಲ್ಲ. ನಾಳೆ ಇದನ್ನ ಕೆಡವಿಸಿ, ಒಂದ ಚಲೋ ಸಿಮಿಟಿನ ಮನಿ ನಕ್ಷಾ ನೀವ ಬರಕೊಡ್ರಿ."