ಒಳಕಲ್ಲಿನ ಪೂಜೆ

ಮರುಳಸಿದ್ದಯ್ಯ: ಮುಟ್ಬೇಡ ಕಣೇ. ಅದು ಈಗ ಗುಂಡಲ್ಲ, ಲಿಂಗ.

ಶಿವರುದ್ರಮ್ಮ: ರೀ, ಬೇಳೆ ಬೆಂದು ಆರ್ತಾ ಐತೆ. ಹೆಣ್ಣು ನೋಡೋರು ತುರುವೇಕೆರೆ ಬಸ್ಸಿಗೆ ಇಳೀತಾರೆ. ಹೂರಣ ರುಬ್ಬಬೇಕು, ಸಾರಿಗೆ ಖಾರ ಅರೀಬೇಕು. ಬಂದೋರಿಗೆ ಸಪ್ಪೆ ಸಾರು ಬಡಿಸಿದ್ರೆ ಮಗಳ ಸಂಬಂಧ ಏನಾಗ್ಬೇಕು?

ಮರುಳಸಿದ್ದಯ್ಯ ಜಗ್ಗಲಿಲ್ಲ. ಹೋದ ವಾರ ಮಠದಲ್ಲಿ ಪ್ರವಚನ ಕೇಳಿ ಬಂದಾಗಿನಿಂದ ಅವರಿಗೆ ಮನೆಯ ಸಾಮಾನೆಲ್ಲ ದೇವರಾಗಿತ್ತು. ಈ ಬೆಳಗ್ಗೆ ಹಿತ್ತಲ ಒಳಕಲ್ಲಿನಲ್ಲಿ ನಿಂತಿದ್ದ ರುಬ್ಬುಗುಂಡಿಗೆ ವಿಭೂತಿ ಬಳಿದು, ಪತ್ರೆ ಏರಿಸಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಶಿವರುದ್ರಮ್ಮ: ಮೊನ್ನೆ ಕಾಯಿ ಸುಲೀರಿ ಅಂದ್ರೆ, ಮಟ್ಟೆ ಅಂದ್ರೆ ಅಹಂಕಾರ, ತಾನಾಗೇ ಕಳಚ್ಬೇಕು ಅಂದ್ರಿ. ಹಸಾ ಕಟ್ಟಿ ಅಂದ್ರೆ, ಹಗ್ಗ ಸಂಸಾರದ ಬಂಧ ಅಂತ ಬಿಚ್ಚೇ ಬಿಟ್ರಿ. ಅದು ಹೋಗಿ ಪಕ್ಕದ್ಮನೆ ಅಂಕಮ್ಮನ ಹುರುಳಿ ಮೇದು ಬಂತು.

ಮರುಳಸಿದ್ದಯ್ಯ: ಹಸಕ್ಕೆ ಅರ್ಥ ಆಯ್ತು. ನಿಂಗೆ ಆಗ್ಲಿಲ್ಲ.

ಶಿವರುದ್ರಮ್ಮ: ಕೊರಳಾಗೆ ಕಟ್ಕೊಂಡಿರೋ ಲಿಂಗ ಸಾಲ್ದೇನ್ರೀ?

ಮರುಳಸಿದ್ದಯ್ಯ: ಎಲ್ಲಾದ್ರಲ್ಲೂ ಶಿವನ್ನ ಕಾಣ್ಬೇಕು ಅಂತ ಸ್ವಾಮಿಗಳು ಹೇಳವ್ರೆ.

ಶಿವರುದ್ರಮ್ಮ: ಹಂಗಾದ್ರೆ ಅಂಕಮ್ಮನ ಮನೆ ಒಳಕಲ್ಲಲ್ಲೇ ರುಬ್ಕೊಂಡು ಬತ್ತೀನಿ.

ಮರುಳಸಿದ್ದಯ್ಯ: ಅದ್ಕೂ ವಿಭೂತಿ ಇಟ್ಟು ಬಂದಿವ್ನಿ.

ಶಿವರುದ್ರಮ್ಮ: ಓ, ಬೆಳಗ್ಗಿಂದ ಅವ್ಳು ಯಾರನ್ನ ಬೈತಾವ್ಳೆ ಅಂತಿದ್ದೆ.

ಆಕೆ ಒಳಗೆ ಹೋದರು. ಬೇಳೆ ಬೆಲ್ಲದ ಪಾತ್ರೆ ತಂದು ಗಂಡನ ಮುಂದಿಟ್ಟರು.

ಶಿವರುದ್ರಮ್ಮ: ಸರಿ ಬುಡಿ. ಲಿಂಗ ಅಂದ್ಮೇಲೆ ಅಭಿಷೇಕ ಬ್ಯಾಡ್ವಾ? ನಂಗೆ ಮುಟ್ಬೇಡ ಅಂದ್ರಿ. ನೀವೇ ಮಾಡಿ.

ಮರುಳಸಿದ್ದಯ್ಯ: ಬೇಳೇಲಿ ಅಭಿಷೇಕ ಮಾಡೋದು ಎಲ್ಲೈತೆ?

ಶಿವರುದ್ರಮ್ಮ: ಎಲ್ಲಾದ್ರಲ್ಲೂ ಶಿವ ಅಂದ್ರಿ. ಬೇಳೇಲಿ ಇಲ್ವಾ?

ಮರುಳಸಿದ್ದಯ್ಯ ಯೋಚಿಸಿದರು. ಬೇಳೆ ಸುರಿದರು.

ಶಿವರುದ್ರಮ್ಮ: ಈಗ ಪ್ರದಕ್ಷಿಣೆ.

ಮರುಳಸಿದ್ದಯ್ಯ: ಎದ್ದು ಸುತ್ತು ಬತ್ತೀನಿ, ತಡಿ.

ಶಿವರುದ್ರಮ್ಮ: ಸುತ್ತೋಕೆ ಗೋಡೆ ಅಡ್ಡ ಐತೆ. ನೀವು ಕೂತೇ ಇರಿ, ಶಿವನ್ನ ತಿರುಗ್ಸಿ.

ಗುಂಡು ತಿರುಗಿತು. ಹೂರಣ ಬೆಣ್ಣೆಯಂತಾಯಿತು. ಅದನ್ನು ಬಳಿದುಕೊಂಡು ಆಕೆ ಎರಡನೇ ಅಭಿಷೇಕಕ್ಕೆ ಕಾಯಿತುರಿ, ಧನಿಯ, ಹುರಿದ ಒಣಮೆಣಸಿನಕಾಯಿ ತಂದರು. ನಡುವೆ ಮರುಳಸಿದ್ದಯ್ಯ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡರು. ಕಣ್ಣೀರು ಧಾರಾಕಾರ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಗಂಡಿನ ತಂದೆತಾಯಿ, ಮಾಯಸಂದ್ರದ ತೋಂಟದಾರ್ಯ, ಗಿರಿಜಾಂಬಿಕಾ ನಿಂತಿದ್ದರು.

ಗಿರಿಜಾಂಬಿಕಾ: ಇದೇನಮ್ಮ, ಯಜಮಾನ್ರು ಒಳಕಲ್ಲ ಮುಂದೆ?

ಶಿವರುದ್ರಮ್ಮ: ಪೂಜೆ ಕಣಮ್ಮ. ಮುಗಿಯೋವರ್ಗೂ ನಂಗೆ ಗುಂಡು ಮುಟ್ಟೋಕೇ ಬುಡಲ್ಲ.

ಗಿರಿಜಾಂಬಿಕಾ: ಭಕ್ತಿ ಅಂದ್ರೆ ಇದು. ಕಣ್ಣಾಗೆ ಹೆಂಗೆ ನೀರು ಸುರೀತೈತೆ. (ಗಂಡನ ಕಡೆ ತಿರುಗಿ) ನೋಡಿದ್ರಾ? ನಂಗೆ ಈ ಮನೆ ಹೆಣ್ಣೇ ಆಗ್ಬೇಕು. ನಮ್ಮನೇಲೂ ಒಂದು ಒಳಕಲ್ಲೈತೆ, ಜ್ಞಾಪಕ ಇರ್ಲಿ.

ಹೆಂಗಸರು ಒಳಗೆ ಹೋದರು. ತೋಂಟದಾರ್ಯ ಮೆಲ್ಲಗೆ ಮರುಳಸಿದ್ದಯ್ಯನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

ತೋಂಟದಾರ್ಯ: ಬೀಗ್ರೇ, ಸಂಬಂಧ ಕೂಡ್ತು ಬುಡಿ. ಆದ್ರೆ ನಮ್ಮೂರಿಗೆ ಬರೋವಾಗ ಆ ವಿಭೂತಿ ಗಟ್ಟಿ ಮನೇಲೇ ಬುಟ್ಟು ಬನ್ನಿ.