ಎಮ್ಮೆ ಒಪ್ಪದ ಬೀಟ್ ಹಿಪ್ಪೆ

ವಾದದಲ್ಲಿ ಗೆಲ್ಲುವುದು ಬಹಳ ಸುಲಭ. ಎದುರಿನವರು ನಮ್ಮ ಮಾತಿಗೆ ಕಿವಿಗೊಡಬೇಕು, ಅಷ್ಟೆ. ಉದಗೀರದ ಕಾಲೇಜಿನಲ್ಲಿ ನಾನು ಮರಾಠಿಯಲ್ಲಿ ವಾದಿಸಿ ಗೆದ್ದ ಬಹುಮಾನದ ಫಲಕಗಳು ಮನೆಯಲ್ಲಿ ಸಾಕಷ್ಟಿವೆ. ದೇವರಿದ್ದಾನೆ ಎಂದು ಬೆಳಿಗ್ಗೆ ಸಾಧಿಸಿ, ಇಲ್ಲವೆಂದು ಮಧ್ಯಾಹ್ನ ಸಾಧಿಸಿದವಳು ನಾನು. ಎರಡನೆಯದು ಹೆಚ್ಚು ಹಿಡಿಸಿದ್ದರಿಂದ ಅದನ್ನೇ ಉಳಿಸಿಕೊಂಡೆ. ಅಪ್ಪನ ತಾಯಿ, ನಮ್ಮ ಆಯಿಗೆ ಈ ಫಲಕಗಳ ಬಗ್ಗೆ ಅಪಾರ ಗೌರವ. ಹೆಪ್ಪು ಹಾಕಿದ ಗಡಿಗೆಯ ಬಾಯಿಗೆ ಸರಿಯಾಗಿ ಕೂಡುತ್ತವೆ ಎನ್ನುತ್ತಾಳೆ.

ಆ ಆಯಿ ಕಣ್ಣಿನ ಆಪರೇಶನ್‌ಗೆಂದು ಉದಗೀರಕ್ಕೆ ಹೋಗಿ ಅಲ್ಲಿಯೇ ಸೋದರತ್ತೆಯ ಮನೆಯಲ್ಲಿ ಉಳಿದಳು. ಅವಳು ಹೋದ ದಿನದಿಂದ ಅವಳ ಮುದ್ದಿನ ಎಮ್ಮೆ ಗೌರಿ ಮೇವು ಮೂಸಿ ಮುಖ ತಿರುಗಿಸತೊಡಗಿತು. ಅಕಾಲದ ಮಳೆಗೆ ನೆನೆದು ನಮ್ಮ ಬಣವೆಯ ಜೋಳದ ಕಣಿಕೆ ಕಪ್ಪಾಗಿತ್ತು. ಅದಕ್ಕೇ ತಿನ್ನುತ್ತಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಮೇವಿಲ್ಲದ ಮೇಲೆ ಎಮ್ಮೆ ಯಾಕೆ, ಬರುವ ಕಾಸಾರಶಿರಸಿ ಸಂತೆಯಲ್ಲಿ ಮಾರಿಬಿಡೋಣ ಎಂದು ಅಪ್ಪ ಹೊಸ ಹಗ್ಗವನ್ನೂ ತಂದ. ದನ ಮಾರಿದರೂ ಹಳೆಯ ಹಗ್ಗ ಕೊಡಬಾರದು, ಲಕ್ಷ್ಮಿ ಹೋಗುತ್ತಾಳಂತೆ. ಅಪ್ಪ ಧೈರ್ಯವಂತ. ತನ್ನ ತಾಯಿಯ ಕಣ್ಣಿಗೆ ಪಟ್ಟಿ ಕಟ್ಟಿರುವಾಗ ಯಾವ ನಿರ್ಧಾರಕ್ಕೂ ಅಂಜುವುದಿಲ್ಲ.

ಆಯಿ ಹೊಸ ಕಣ್ಣಿನಿಂದ ಬಂದು ಮೊದಲು ನೋಡುವುದು ಖಾಲಿ ಗೂಟವೇ? ನಾನು ಗೌರಿಯ ವಕೀಲಿಕೆ ವಹಿಸಿಕೊಂಡೆ. ದೂರದ ಒಂದು ಕಾರ್ಖಾನೆಯವರು ಪ್ರಯೋಗಕ್ಕೆಂದು ಕಬ್ಬಿನ ಬದಲು ಸಕ್ಕರೆ ಬೀಟ್ ಗೆಡ್ಡೆ ಅರೆದಿದ್ದರು. ರಸ ತೆಗೆದು ಉಳಿದ ಹಿಪ್ಪೆಯನ್ನು ಒಣಗಿಸಿ ದನಗಳಿಗೆಂದು ಕೊಡುತ್ತಿದ್ದರು. ಸೋದರಮಾವ ಅದರ ಕೆಲವು ಚೀಲ ತಂದಿದ್ದ. ಇದನ್ನು ತಿಂದೇ ಪರದೇಶದ ಹಸುಗಳು ಬಾನಿಗಟ್ಟಲೆ ಹಾಲು ಕೊಡುತ್ತವೆ ಎಂದು ಅಪ್ಪನ ಮುಂದೆ ಭಾಷಣ ಮಾಡಿದೆ. ಅಪ್ಪ ಸಮಾಧಾನದಿಂದ ಕೇಳಿ, "ನನಗ್ಯಾಕ ಹೇಳ್ತಿ ವಕೀಲಬಾಯಿ? ತಿನ್ನೋದು ಅದು. ಅದಕ್ಕ ಹೇಳು. ಸಂತಿ ಬರೋದ್ರೊಳಗ ತಿಂದ್ರ ಇರ್ಲಿ" ಎಂದ.

ಒಣ ಹಿಪ್ಪೆಯನ್ನು ನೆನೆಸಿಯೇ ಹಾಕಬೇಕು ಎಂದು ಮಾವ ಹೇಳಿದ್ದ. ಉಬ್ಬುತ್ತದೆ ಎಂದೂ ಹೇಳಿದ್ದನಂತೆ. ಅಷ್ಟರಲ್ಲಿ ನಾನು ಮಾತಾಡಲು ಶುರು ಮಾಡಿದ್ದೆ. ಆಯಿಯ ತಾಮ್ರದ ಹಂಡೆಯ ತುಂಬ ಹಿಪ್ಪೆ ತುರುಕಿ, ನೀರು ಹೊಯ್ದು, ಮುಚ್ಚಳವಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಎದ್ದು ಕೂತಿತ್ತು. ಹಿಪ್ಪೆ ಬಚ್ಚಲು ದಾಟಿ ಅಂಗಳಕ್ಕೆ ಬರುವ ಹವಣಿಕೆಯಲ್ಲಿತ್ತು. ಬುಟ್ಟಿ ತುಂಬಿ ಗೌರಿಯ ಮುಂದಿಟ್ಟೆ. ಅದು ಮೂಸಿತು, ನನ್ನನ್ನು ನೋಡಿತು, ದೊಡ್ಡದಾಗಿ ಉಸಿರುಬಿಟ್ಟಿತು. ಬೆಲ್ಲ ಬೆರೆಸಿದೆ, ಉಪ್ಪು ಹಾಕಿದೆ, ಗೋಧಿ ತೌಡು ಉದುರಿಸಿದೆ. ಮೂರೂ ಅಂಶಗಳನ್ನು ಒಂದೂ ಮಾತಾಡದೆ ತಳ್ಳಿಹಾಕಿತು. ಇಂಥ ಎದುರಾಳಿ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಸಂತೆಯ ಹಿಂದಿನ ದಿನ, ಪಕ್ಕದ ಮನೆಯ ಶಾಂತಕ್ಕ ಮಜ್ಜಿಗೆ ಕೇಳಲು ಬಂದವಳು ಗೌರಿಯ ಹಣೆ ನೋಡಿ, "ಇಬೂತಿ ಹಚ್ಚಿಲ್ಲೇನು?" ಎಂದಳು. ಆಯಿ ದಿನಾ ಲಿಂಗಪೂಜೆ ಮುಗಿಸಿ, ಉಳಿದ ವಿಭೂತಿಯನ್ನು ಎಮ್ಮೆಯ ಹಣೆಗೆ ಮೂರು ಬೆರಳಿಂದ ಬಳಿದೇ ಮೇವು ಹಾಕುತ್ತಿದ್ದಳು. ಅದು ಕರುವಾಗಿದ್ದಾಗಿನಿಂದ ನಡೆದ ಪದ್ಧತಿ. ಎಮ್ಮೆಗೆ ಧರ್ಮವಿಲ್ಲವೆಂದು ಶಾಂತಕ್ಕನಿಗೆ ವಿವರವಾಗಿ ಮನಗಾಣಿಸಿದೆ. ಆಮೇಲೆ ಅಂಗಳದ ಮೂಲೆಯಲ್ಲಿದ್ದ ಹೊಸ ಹಗ್ಗ ಕಣ್ಣಿಗೆ ಬಿತ್ತು. ಅತ್ತಿತ್ತ ನೋಡಿ, ಗೋಡೆಯ ಮಾಡದಿಂದ ವಿಭೂತಿ ಗಟ್ಟಿ ತಂದು, ಒದ್ದೆ ಮಾಡಿ ಗೌರಿಯ ಹಣೆಗೆ ಎಳೆದೆ. ಮೂರನೆಯ ಗೆರೆ ಮುಗಿಯುವ ಮೊದಲೇ ಅದರ ಮೂತಿ ಬುಟ್ಟಿಯೊಳಗಿತ್ತು. ಬೀಟ್ ಎಲ್ಲಿಯದು, ಯಾವ ದೇಶದ್ದು, ಒಂದೂ ಕೇಳಲಿಲ್ಲ.

ತಿರುಗಿದರೆ ಶಾಂತಕ್ಕ ಮಜ್ಜಿಗೆ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಾಳೆ. ಇದು ಭಕ್ತಿಯಲ್ಲ, ಬರೀ ರೂಢಿ. ಗಂಟೆ ಬಾರಿಸಿದರೆ ನಾಯಿಯ ಬಾಯಲ್ಲಿ ನೀರೂರುವ ಹಾಗೆ ಎಂದು ನಾನು ಅವಳಿಗೆ ವಿಜ್ಞಾನ ಹೇಳಿದೆ. ಅವಳು ತಲೆಯಾಡಿಸಿ ಎಲ್ಲವನ್ನೂ ಒಪ್ಪಿದಳು. ಹೊರಡುವಾಗ, "ಮತ್ತ ನಮ್ದು ಏನ್ ಅದ ಅಂತ ತಿಳಕೊಂಡಿದ್ದಿ, ತಂಗಿ?" ಎಂದಳು. ಸ್ಪರ್ಧೆಯಲ್ಲಿ ಇಂಥ ಪ್ರಶ್ನೆ ಬಂದರೆ ನೀರು ಕುಡಿದು ಗಡಿಯಾರ ನೋಡುತ್ತೇವೆ. ನಾನು ಎಮ್ಮೆ ನೋಡಿದೆ.

ಹೊಸ ಹಗ್ಗ ಸಂತೆಯ ಬದಲು ಬಾವಿಗೆ, ನೀರು ಸೇದಲು ಹೋಯಿತು. ಕಪ್ಪು ಕನ್ನಡಕ ಹಾಕಿ ಬಂದ ಆಯಿ ಗೌರಿಯ ಹಣೆ ಸವರಿ, ಬೆರಳು ನೋಡಿಕೊಂಡು, ಯಾರು ಹಚ್ಚಿದ್ದು ಎಂದು ಕೇಳಲೂ ಇಲ್ಲ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದಾರೆಂಬ ನೆಪದಲ್ಲಿ ಆ ಕೆಲಸ ನನಗೇ ಉಳಿಯಿತು. ಬೆರಳಿಗೆ ಅಂಟಿದ್ದನ್ನು ಎಲ್ಲಿ ಒರೆಸುವುದು? ಓಢಣಿ ಕೆಡುತ್ತದೆ, ನನ್ನ ಹಣೆ ಹತ್ತಿರವಿರುತ್ತದೆ. ಹಣೆ ತೊಳೆಯದೆ ಹಾಗೆಯೇ ಒಮ್ಮೆ ಬಸ್ಸು ಹಿಡಿದು ಉದಗೀರಕ್ಕೆ ಹೋಗಿ, ಆಚರಣೆಗಳೆಲ್ಲ ಅರ್ಥಹೀನ ಎಂದು ಮೇಜು ಗುದ್ದಿ ವಾದಿಸಿ ಮೊದಲ ಬಹುಮಾನ ಪಡೆದೆ. ಸ್ವತಃ ಇಷ್ಟು ಶ್ರದ್ಧಾವಂತಳಾಗಿದ್ದೂ ತನ್ನ ವಿರುದ್ಧವೇ ವಾದಿಸಿದ ನಿಷ್ಪಕ್ಷಪಾತ ಬುದ್ಧಿಯನ್ನು ತೀರ್ಪುಗಾರರು ಬಹಳ ಮೆಚ್ಚಿದರು.

ಆ ಫಲಕ ಗಡಿಗೆಯ ಮೇಲಿಲ್ಲ. ಹಿಪ್ಪೆ ನೆನೆಸುವ ಹಂಡೆಯ ಮುಚ್ಚಳದ ಮೇಲಿದೆ. ಉಬ್ಬಿದ್ದನ್ನು ಅದುಮಿಡಲು ಏನಾದರೂ ಭಾರದ್ದು ಬೇಕಿತ್ತು, ಎನ್ನುತ್ತಾಳೆ ಆಯಿ, ನನ್ನ ಕಡೆ ನೋಡುತ್ತ.